ಮೂರು ಜೋಡಿ, ಒಂದು ಒಂಟಿ

ಚನ್ನಗಿರಿಯಲ್ಲಿ ನನ್ನದೊಂದು ಲಗ್ನಪತ್ರಿಕೆ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆ ತುಂಬ ಮಾದರಿ ಕಾರ್ಡುಗಳು, ನಡುವೆ ನಾನು. ಇಪ್ಪತ್ತು ವರ್ಷದಿಂದ ನನ್ನ ಕೆಲಸ ಇನ್ನೊಬ್ಬರು ಬರೆದುಕೊಟ್ಟದ್ದರಲ್ಲಿ ತಪ್ಪು ಹುಡುಕುವುದು. ಹುಡುಗಿಯ ಹೆಸರಿನಲ್ಲಿ ಒತ್ತಕ್ಷರ ಬಿಟ್ಟುಹೋಗಿದೆ, ಸೋದರಮಾವನ ಹೆಸರು ಚಿಕ್ಕಪ್ಪನ ಕೆಳಗೆ ಬಂದಿದೆ, ಮುಹೂರ್ತದ ವಾರಕ್ಕೂ ತಾರೀಖಿಗೂ ತಾಳೆಯಾಗುತ್ತಿಲ್ಲ; ಕಣ್ಣು ತಾನಾಗಿಯೇ ಅಲ್ಲಿಗೆ ಹೋಗಿ ಕೂರುತ್ತದೆ. ಕಣ್ಣಿಗಿಂತ ನಾಲಿಗೆ ಚುರುಕು ಎಂದು ನನ್ನ ಗಂಡ ಹೇಳುತ್ತಾರೆ. ಸುಳ್ಳಲ್ಲ. ಆ ನಾಲಿಗೆಯಿಂದಲೇ ನಾನು ಒಬ್ಬ ಗೆಳೆಯರನ್ನು ಕಳೆದುಕೊಂಡೆ. ಅವರ ಮುಖ ನೋಡಿದ್ದು ಒಂದೇ ಸಲ, ಅದೂ ಕಳೆದುಕೊಂಡ ಮೇಲೆ.

ಎಲ್ಲ ಶುರುವಾದದ್ದು ಒಂದು ಪೆನ್‌ಡ್ರೈವಿನಿಂದ. ಹೊನ್ನಾಳಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಒಬ್ಬ ಫೋಟೋಗ್ರಾಫರು ಕಾರ್ಡಿನ ಮೇಲೆ ಹಾಕಬೇಕಾದ ವಧೂವರರ ಫೋಟೋಗಳನ್ನು ಅದರಲ್ಲಿ ತಂದುಕೊಟ್ಟು ಹೋಗಿದ್ದರು. ನಾನು ಫೋಟೋ ಅಂದುಕೊಂಡು ಯಾವುದೋ ಫೋಲ್ಡರ್ ತೆರೆದೆ. ಹಾಡು ಶುರುವಾಯಿತು. ಇರಲಿ ಎಂದು ಬಿಟ್ಟು, ಹುಡುಗಿಯ ಅಜ್ಜ ಅಜ್ಜಿಯರ ಹೆಸರು ಟೈಪು ಮಾಡುತ್ತಿದ್ದೆ. ಮೊದಲು ಒಂದು ಸಣ್ಣ ಕೊಳಲಿನ ರಾಗ. ಆಮೇಲೆ ಡ್ರಮ್ಮು, ಗಿಟಾರು, ದೊಡ್ಡ ಹಾರ್ಮೋನಿಯಮ್ಮಿನಂಥ ಏನೋ ಒಂದು. ಮುಗಿಯಿತು ಅಂದುಕೊಂಡರೆ ಮತ್ತೆ ಎದ್ದಿತು. ಬೇರೆ ಹಾಡು ಬಂತು ಅಂದುಕೊಂಡರೆ ತೆರೆಯ ಮೇಲೆ ಅದೇ ಹೆಸರು. ಮೂರನೇ ಸಲ ಲಯ ಬದಲಾದಾಗ ಕಂಪ್ಯೂಟರಿಗೆ ವೈರಸ್ ಹೊಕ್ಕಿತು ಎಂದು ಗಾಬರಿಯಾಗಿ ವೈರು ಕೀಳಲು ಬಗ್ಗಿದೆ. ಅಷ್ಟರಲ್ಲಿ, ನಾನು ಮರೆತೇಬಿಟ್ಟಿದ್ದ ಆ ಸಣ್ಣ ಕೊಳಲಿನ ರಾಗ ಎಲ್ಲ ಗದ್ದಲದ ಒಳಗಿನಿಂದ ವಾಪಸು ಬಂತು. ಬಗ್ಗಿದವಳು ಬಗ್ಗಿಯೇ ಇದ್ದೆ. ಕಾರ್ಡು ಕೇಳಲು ಬಂದ ಹೆಂಗಸು, “ಅಳ್ತಿದ್ದೀರೇನ್ರೀ?” ಎಂದಾಗ ಕಣ್ಣೊರೆಸಿಕೊಂಡು ಧೂಳು ಎಂದೆ.

ಇಪ್ಪತ್ತಮೂರು ನಿಮಿಷದ ಹಾಡು ಅದು. ಫೋಟೋಗ್ರಾಫರು ಪೆನ್‌ಡ್ರೈವ್ ವಾಪಸು ಪಡೆಯಲು ಬಂದಾಗ, ಇದೇನು ಎಂದು ಕೇಳಿದೆ. ಅವರು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನಾಚಿಕೊಂಡರು. “ಪ್ರೋಗ್ರೆಸಿವ್ ರಾಕ್ ಅಂತಾರೆ ಮೇಡಂ. ಹೊನ್ನಾಳಿಯಾಗೆ ಇದನ್ನ ಕೇಳೋನು ನಾನೊಬ್ನೇ” ಎಂದರು. ಈಗ ಚನ್ನಗಿರಿಯಲ್ಲೂ ಒಬ್ಬಳು ಇದ್ದಾಳೆ ಎಂದೆ. ಅವರು ಕೌಂಟರಿನ ಮುಂದಿನ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟರು, ಕೊನೆಯ ಬಸ್ಸಿನ ಹೊತ್ತಿನವರೆಗೂ ಏಳಲಿಲ್ಲ.

ಮೂರನೆಯವರು ನ್ಯಾಮತಿಯ ಪಶು ಇನ್‌ಸ್ಪೆಕ್ಟರು. ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿಕೊಳ್ಳಲು ಹೊನ್ನಾಳಿಯ ಸ್ಟುಡಿಯೋಗೆ ಹೋದವರು ಒಳಗೆ ಬರುತ್ತಿದ್ದ ಹಾಡು ಕೇಳಿ, ಫೋಟೋ ಮರೆತು ಹಾಡನ್ನೇ ತೆಗೆದುಕೊಂಡು ಹೋದರಂತೆ. ಆಮೇಲೆ ತಿಂಗಳಿಗೊಂದು ಭಾನುವಾರ ನಾವು ಮೂವರೂ ಆ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಸೇರತೊಡಗಿದೆವು. ಹಿಂದೆ ಜಲಪಾತ ಬರೆದ ಪರದೆ, ಮುಂದೆ ಮೂರು ಕುರ್ಚಿ, ಮಂಡಕ್ಕಿ, ಮೆಣಸಿನಕಾಯಿ. ಒಬ್ಬೊಬ್ಬರು ಒಂದೊಂದು ಹಾಡು ತರಬೇಕು, ಅದು ಮುಗಿಯುವವರೆಗೆ ಯಾರೂ ಮಾತಾಡಬಾರದು. ಮುಗಿದ ಮೇಲೆ ಜಗಳ. ಇನ್‌ಸ್ಪೆಕ್ಟರಿಗೆ ಗಿಟಾರು ಗುಡುಗಬೇಕು. ನನಗೆ ಕೊಳಲು ಬೇಕು, ನಾಲ್ಕು ದನಿ ಸೇರಿ ಹಾಡಬೇಕು. “ಇದು ರಾಕ್ ಅಲ್ಲ ಬಿಡ್ರೀ, ಸೀಮಂತದ ಹಾಡು” ಎಂದು ಅವರು ನನ್ನನ್ನು ಛೇಡಿಸುತ್ತಿದ್ದರು. ನಿಮ್ಮದು ಎಮ್ಮೆಗೆ ಇಂಜೆಕ್ಷನ್ ಕೊಟ್ಟಾಗ ಬರುವ ಸದ್ದು ಎಂದು ನಾನು ಹೇಳುತ್ತಿದ್ದೆ. ಊರಲ್ಲಿ ಇಪ್ಪತ್ತು ವರ್ಷ ಬದುಕಿಯೂ ನನಗೆ ಇಂಥ ಮಾತಿನ ಜೊತೆ ಸಿಕ್ಕಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಒಬ್ಬಳೇ ನಗುತ್ತಿದ್ದೆ.

ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿದೆವು. ಹೆಸರಿಟ್ಟವಳು ನಾನೇ. ಪ್ರೋಗ್ರೆಸಿವ್ ಎಂದರೆ ಪ್ರಗತಿಪರ ತಾನೇ, ಅದಕ್ಕೇ ‘ಪ್ರಗತಿಪರರ ಬಳಗ’. ನಮ್ಮ ಸೀಮೆಯಲ್ಲಿ ಆ ಮಾತಿಗೆ ಒಂದೇ ಅರ್ಥ ಎಂಬುದು ನನಗೆ ಹೊಳೆಯಲಿಲ್ಲ. ಪ್ರಗತಿಪರ ಎಂದರೆ ಪ್ರಗತಿಪರ ರೈತ. ಹನಿ ನೀರಾವರಿ ಮಾಡಿಸಿದವನು, ಹೊಸ ತಳಿ ಹಾಕಿದವನು, ವೇದಿಕೆ ಮೇಲೆ ಶಾಲು ಹೊದಿಸಿಕೊಂಡವನು. ಇನ್‌ಸ್ಪೆಕ್ಟರನ್ನು ಕುರಿಗಳ ಲಸಿಕೆಗೆಂದು ಸ್ವಲ್ಪ ದಿನ ಜಗಳೂರಿನ ಕಡೆ ಹಾಕಿದ್ದರು. ಅಲ್ಲಿನ ಕುರಿ ಸಾಕುವವರ ಗ್ರೂಪಿಗೆ ಲಸಿಕೆಯ ದಿನ ತಿಳಿಸಲು ಹೋಗಿ, ನಮ್ಮ ಗ್ರೂಪಿಗೆ ಸೇರುವ ಲಿಂಕನ್ನು ಹಾಕಿಬಿಟ್ಟರು. ತಕ್ಷಣ ಅಳಿಸಿದರು. ಅಷ್ಟರಲ್ಲಿ ಒಬ್ಬರು ಒಳಗೆ ಬಂದಾಗಿತ್ತು.

ಬಿಳಿಚೋಡು ದಾಟಿ ಒಳಗೆ ಒಂದು ಹಳ್ಳಿ ಅವರದು. ಮೆಕ್ಕೆಜೋಳ, ಶೇಂಗಾ, ನೂರಿಪ್ಪತ್ತು ಕುರಿ. ನಾವು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದುದರಿಂದ ಅವರು ನಮಗೆ ‘ಜಗಳೂರಿನವರು’ ಆದರು. ಬಂದವರೇ ಒಂದು ಫೋಟೋ ಹಾಕಿ ದನಿಯಲ್ಲಿ ಕೇಳಿದರು: “ನಮಸ್ಕಾರ್ರೀ ಎಲ್ರಿಗೂ. ಮೆಕ್ಕೆಜೋಳದ ಸುಳಿಯಾಗೆ ಹುಳ ಬಿದ್ದೈತೆ. ಏನು ಹೊಡೀಬೇಕು ತಿಳಿಸ್ರಿ.” ಅದೇ ಹೊತ್ತಿಗೆ ಫೋಟೋಗ್ರಾಫರು ಇದನ್ನು ನೋಡದೆ ಆ ಇಪ್ಪತ್ತಮೂರು ನಿಮಿಷದ ಹಾಡನ್ನು ಹಾಕಿದರು. ನನಗೆ ನಗು ತಡೆಯಲಾಗಲಿಲ್ಲ. ಒಂದು ಗಂಟೆ ಕಳೆದು ಮತ್ತೆ ಅವರ ದನಿ ಬಂತು. “ಔಷಧಿ ಹೆಸ್ರು ಕೊನೆಗೆ ಹೇಳ್ತಾರೇನೋ ಅಂತ ಪೂರ್ತಿ ಕೇಳಿದೆ. ಹೇಳ್ಲಿಲ್ಲ.” ಹಿಂದೆಯೇ ಮತ್ತೊಂದು ತುಣುಕು, “ಆದ್ರೂ ಇನ್ನೊಂದು ಸಲ ಕೇಳಿದೆ. ಇಂಥದ್ದು ಬೇರೆ ಐತೇನ್ರೀ?”

ಹುಳಕ್ಕೆ ಯಾರನ್ನು ಕೇಳಬೇಕೆಂದು ಇನ್‌ಸ್ಪೆಕ್ಟರು ತಿಳಿಸಿದರು. ಹಾಡುಗಳನ್ನು ನಾವು ಮೂವರೂ ಕಳಿಸಿದೆವು. ಅವರು ಕುರಿ ಮೇಯಿಸುತ್ತ, ಬದುವಿನ ಮೇಲೆ ಕೂತು, ಎಲ್ಲವನ್ನೂ ಕೇಳಿದರು. ಇಂಗ್ಲಿಷು ಗೊತ್ತಿಲ್ಲ, ವಾದ್ಯಗಳ ಹೆಸರು ಗೊತ್ತಿಲ್ಲ. ಟೈಪು ಮಾಡಿದರೆ ಸಾಲಿಗೆ ನಾಲ್ಕು ತಪ್ಪು, ‘ತಾಳ’ ಹೋಗಿ ‘ತಳ’ ಆಗುತ್ತಿತ್ತು. ಆದ್ದರಿಂದ ಹೆಚ್ಚಾಗಿ ಮಾತಾಡಿಯೇ ಕಳಿಸುತ್ತಿದ್ದರು, ಹಿಂದೆ ಕುರಿಗಳ ಗಂಟೆ ಸದ್ದು. ಮೊದಲೆರಡು ವಾರ ನನ್ನನ್ನು ಮೇಡಂ ಎಂದರು, ಆಮೇಲೆ ಅಕ್ಕಾರೆ ಎನ್ನತೊಡಗಿದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು; ಆದರೂ ನಮ್ಮ ಕಡೆ ಹತ್ತಿರದವಳು ಅನ್ನಿಸಿದ ಹೆಂಗಸನ್ನು ಗಂಡಸರು ಹಾಗೆಯೇ ಕರೆಯುವುದು. ಅದನ್ನು ಕೇಳಿದ ದಿನ ನನಗೆ ಒಳಗೊಳಗೇ ಹಿತವಾಗಿತ್ತು.

ಆ ಉದ್ದದ ಹಾಡಿನ ಬಗ್ಗೆ ಅವರು ಹೇಳಿದ್ದು ಇದು: “ಇದ್ರಾಗೆ ಮೊದ್ಲು ಕುರಿ ರೊಪ್ಪ ಬಿಟ್ಟು ಹೊರಡ್ತಾವೆ. ಆಮ್ಯಾಲೆ ಒಂದೊಂದು ಒಂದೊಂದು ಕಡೆ ಚದುರ್ತಾವೆ, ಇನ್ನು ಸಿಗಂಗಿಲ್ಲ ಅನ್ನಿಸ್ತೈತೆ. ಕೊನೆಗೆ ಎಲ್ಲಾ ಒಂದೇ ಬಾಗ್ಲಾಗೆ ಒಳಗೆ ಬರ್ತಾವೆ. ನಾವು ಬಾಗ್ಲಾಗೆ ನಿಂತಿರ್ಬೇಕು, ಅಷ್ಟೆ.” ರೊಪ್ಪ ಎಂದರೆ ಮುಳ್ಳಿನ ಬೇಲಿ ಹಾಕಿ ಕುರಿ ಕೂಡುವ ಜಾಗ. ಚನ್ನಗಿರಿಯ ಅಂಗಡಿಯಲ್ಲಿ ಕೊಳಲಿನ ರಾಗ ವಾಪಸು ಬಂದಾಗ ನನಗೆ ಯಾಕೆ ಅಳು ಬಂತು ಎಂಬುದನ್ನು ನಾನು ವರ್ಷಗಟ್ಟಲೆ ಇಂಟರ್ನೆಟ್ಟಿನಲ್ಲಿ ಓದಿ ತಿಳಿಯಲು ನೋಡಿದ್ದೆ. ಅವರು ಬದುವಿನ ಮೇಲೆ ಕೂತು ಹೇಳಿಬಿಟ್ಟರು.

ಇನ್ನೊಂದು ಹಾಡಿನಲ್ಲಿ ಲಯ ಏಳೇಳು ಪೆಟ್ಟುಗಳಿಗೆ ಒಮ್ಮೆ ತಿರುಗುತ್ತದೆ. ಸಂಗೀತ ಕಲಿತವರಿಗೆ ಅದೇನೂ ಹೊಸದಲ್ಲವಂತೆ, ನಾವು ಮೂವರೂ ಕಲಿತವರಲ್ಲ. ಹೊನ್ನಾಳಿಯಲ್ಲಿ ಕೂತು ಎಷ್ಟು ಸಲ ತೊಡೆ ತಟ್ಟಿದರೂ ಮೂರನೇ ಸುತ್ತಿಗೆ ತಪ್ಪುತ್ತಿದ್ದೆವು. ಡ್ರಮ್ಮು ಎಡವುತ್ತದೆ ಎಂದು ನಾನು ಗ್ರೂಪಿನಲ್ಲಿ ಬರೆದಿದ್ದಕ್ಕೆ ಅವರ ಉತ್ತರ ಬಂತು. “ಎಡವಂಗಿಲ್ಲ ಅಕ್ಕಾರೆ. ಸಂಜೀಕೆ ಕುರಿ ಒಳಗೆ ಬಿಡುವಾಗ ಜೋಡಿ ಜೋಡಿ ಎಣಿಸ್ತೀವಲ್ಲ, ಹಂಗೆ ಎಣಿಸ್ರಿ. ಜೋಡಿ, ಜೋಡಿ, ಜೋಡಿ, ಒಂಟಿ. ಜೋಡಿ, ಜೋಡಿ, ಜೋಡಿ, ಒಂಟಿ. ಆ ಒಂಟಿನ ಬಿಡ್ದಂಗೆ ಎಣಿಸಿದ್ರೆ ಲೆಕ್ಕ ತಪ್ಪಂಗಿಲ್ಲ.” ನಾನು ಮೇಜಿನ ಮೇಲೆ ಎರಡೆರಡು ಬೆರಳು ತಟ್ಟಿ, ಕೊನೆಗೆ ಒಂದು ತಟ್ಟಿ ನೋಡಿದೆ. ಹಾಡು ಮುಗಿಯುವವರೆಗೆ ಒಮ್ಮೆಯೂ ತಪ್ಪಲಿಲ್ಲ.

ಇಷ್ಟಾದ ಮೇಲೆ ನನಗೆ ಅವರ ಮೇಲೆ ಪ್ರೀತಿ ಹೆಚ್ಚಬೇಕಿತ್ತು. ಹೊಟ್ಟೆಕಿಚ್ಚು ಹೆಚ್ಚಿತು. ಸುತ್ತಿಬಳಸದೆ ಹೇಳುತ್ತಿದ್ದೇನೆ. ಮೊದಲು ಯಾವ ಹಾಡು ಬಂದರೂ ಉಳಿದಿಬ್ಬರು ಚನ್ನಗಿರಿ ಏನಂತಾರೆ ಎಂದು ಕಾಯುತ್ತಿದ್ದರು. ಈಗ “ಜಗಳೂರು ಏನಂತಾರೆ ನೋಡೋಣ ತಡೀರಿ” ಎನ್ನತೊಡಗಿದರು. ನಾನು ಎರಡು ಪುಟ ಬರೆದು ಹಾಕಿದ್ದರ ಕೆಳಗೆ ಅವರ ಅರ್ಧ ನಿಮಿಷದ ಮಾತು ಬಂದರೆ, ಎಲ್ಲರೂ ಅದಕ್ಕೇ ಉತ್ತರ ಕೊಡುತ್ತಿದ್ದರು. ತಪ್ಪಿ ಬಂದವರು ಒಳಗೆ ಕೂತರು, ಹೆಸರಿಟ್ಟವಳು ಬಾಗಿಲಲ್ಲಿ ನಿಂತೆ ಅನ್ನಿಸಿತು.

ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ಮುಗಿದ ಮೇಲೆ ಒಂದು ಭಾನುವಾರ ಹೊನ್ನಾಳಿಗೆ ಬರುತ್ತೇನೆ ಎಂದು ಅವರು ಹೇಳಿದ್ದರು. ಆ ದಿನ ನಿಗದಿಯಾಯಿತು. ಕುರಿ ನೋಡಿಕೊಳ್ಳಲು ಭಾವಮೈದುನನನ್ನು ಒಪ್ಪಿಸಿದ್ದರು, ದಾವಣಗೆರೆಯಲ್ಲಿ ಬಸ್ಸು ಬದಲಿಸುವುದು ಹೇಗೆ ಎಂದು ಇನ್‌ಸ್ಪೆಕ್ಟರನ್ನು ಎರಡು ಸಲ ಕೇಳಿ ತಿಳಿದಿದ್ದರು. ಆ ವಾರವೇ, ಗುರುವಾರ ಮಧ್ಯಾಹ್ನ, ಅಂಗಡಿಯಲ್ಲಿ ಕೆಲಸವಿಲ್ಲದೆ ಕೂತವಳು ಒಂದು ಕಾರ್ಡು ಮಾಡಿದೆ. ನನ್ನ ಬಳಿ ಇದ್ದ ಅತಿ ಚೆಂದದ ಮಾದರಿ, ಸುತ್ತ ಬಾಳೆಕಂಬ, ಮೇಲೆ ‘ಶ್ರೀ’. ‘ಜಗಳೂರಿನ ವಿದ್ವಾಂಸರು ರಚಿಸಿದ ಕುರಿ ವಿಮರ್ಶೆ ಗ್ರಂಥದ ಬಿಡುಗಡೆ ಸಮಾರಂಭ. ಮುಹೂರ್ತ: ಕುರಿಗಳು ಮೆಲುಕು ಹಾಕುವ ಶುಭ ಲಗ್ನ. ತಮ್ಮ ಸುಖಾಗಮನ ಬಯಸುವವರು: ನೂರಾ ಇಪ್ಪತ್ತು ಕುರಿಗಳು. ಹಸಿ ಹುಲ್ಲೇ ಉಡುಗೊರೆ.’ ಕೆಳಗೆ ಸಣ್ಣ ಅಕ್ಷರದಲ್ಲಿ ಅವರು ಟೈಪು ಮಾಡಿದ್ದ ಸಾಲುಗಳನ್ನು ತಪ್ಪುಗಳ ಸಮೇತ ಜೋಡಿಸಿದೆ. ಪ್ರತಿ ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದೆ.

ನಾವು ಮೂವರು ಭಾನುವಾರದ ಹೊತ್ತು ಹೊಂದಿಸಿಕೊಳ್ಳಲು ಮಾಡಿಕೊಂಡಿದ್ದ ಇನ್ನೊಂದು ಗ್ರೂಪಿತ್ತು. ಕಾರ್ಡನ್ನು ಅಲ್ಲಿಗೆ ಹಾಕಿದೆ ಅಂದುಕೊಂಡೆ. ನಗುತ್ತಾರೆ ಎಂದು ಕಾಯುತ್ತಿದ್ದೆ. ಫೋಟೋಗ್ರಾಫರ ಫೋನು ಬಂತು. “ಮೇಡಂ, ಯಾವ ಗ್ರೂಪಿಗೆ ಹಾಕೀರಿ ನೋಡ್ರಿ” ಎಂದರು. ಅವರ ದನಿಯಲ್ಲಿ ನಗು ಇರಲಿಲ್ಲ. ಜಗಳೂರಿನವರೂ ಇದ್ದ ಬಳಗಕ್ಕೇ ಹಾಕಿದ್ದೆ. ನಾನು ಅಳಿಸಿದೆ. ಇನ್‌ಸ್ಪೆಕ್ಟರು ಲಿಂಕು ಹಾಕಿ ಅಳಿಸಿದ್ದಕ್ಕೆ ಎಷ್ಟು ದಿನ ಆಡಿಕೊಂಡು ನಕ್ಕಿದ್ದೆ ನಾನು.

ಸಂಜೆ ಜಗಳೂರಿನಿಂದ ಒಂದು ಸಾಲು ಬಂತು, ಟೈಪು ಮಾಡಿದ್ದು. ‘ಕಾರ್ಡು ಚೆನ್ನಾಗಿದೆ ಮೇಡಂ.’ ಒಂದೂ ತಪ್ಪಿರಲಿಲ್ಲ.

ಆಗಲೇ ಫೋನು ಮಾಡಿ ಕ್ಷಮೆ ಕೇಳಬಹುದಿತ್ತು. ‘ತಮಾಷೆಗೆ ಮಾಡಿದ್ದು’ ಎಂದು ಬರೆದು ಪಕ್ಕದಲ್ಲಿ ಒಂದು ನಗುವ ಮುಖ ಹಾಕಿದೆ. ಅದು ಕಾರ್ಡಿಗಿಂತ ಕೀಳು ಕೆಲಸ. ಭಾನುವಾರ ಹೊನ್ನಾಳಿಯಲ್ಲಿ ನಾಲ್ಕು ಕುರ್ಚಿ ಹಾಕಿಕೊಂಡು ಕಾದೆವು. ಫೋಟೋಗ್ರಾಫರು ಎರಡು ಸಲ ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಿ ಬಂದರು. ಆವತ್ತು ಹಾಡು ಹಾಕಲು ಯಾರೂ ಕೈ ಮುಂದೆ ಮಾಡಲಿಲ್ಲ, ಮಂಡಕ್ಕಿ ಮೆತ್ತಗಾಯಿತು. ಆಮೇಲೆ ಒಂದು ತಿಂಗಳು ಅವರು ನಾವು ಹಾಕಿದ ಪ್ರತಿ ಹಾಡಿಗೂ ಹೆಬ್ಬೆರಳಿನ ಗುರುತು ಒತ್ತುತ್ತಿದ್ದರು, ಮಾತಿಲ್ಲ. ಒಂದು ದಿನ ಗ್ರೂಪಿನಿಂದ ಹೊರಗೆ ಹೋದರು. ಉಳಿದಿಬ್ಬರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಗುತ್ತಿತ್ತು. ಭಾನುವಾರಗಳು ಒಂದೊಂದಾಗಿ ತಪ್ಪಿದವು.

ನಾಲ್ಕೈದು ತಿಂಗಳಾದ ಮೇಲೆ ಇನ್‌ಸ್ಪೆಕ್ಟರು ಮತ್ತೆ ಲಸಿಕೆಗೆ ಆ ಕಡೆ ಹೋಗಿ ಬಂದು ಫೋನು ಮಾಡಿದರು. “ಸಿಕ್ಕಿದ್ರು. ಅರಾಮ ಅದಾರೆ. ಚನ್ನಗಿರಿ ಮೇಡಂ ಹೆಂಗಿದಾರೆ ಅಂತ ಕೇಳಿದ್ರು.” ನನ್ನ ಮೇಲೆ ಸಿಟ್ಟಿರುತ್ತದೆ ಎಂದು ನಂಬಿಕೊಂಡು ಅಷ್ಟು ದಿನ ಹೇಗೋ ತಳ್ಳಿದ್ದೆ. ಸಿಟ್ಟಿಲ್ಲ ಎಂದು ತಿಳಿದ ಮೇಲೆ ತಡೆದುಕೊಳ್ಳಲಾಗಲಿಲ್ಲ. ಮುಂದಿನ ಭಾನುವಾರ ಒಂದು ಸಣ್ಣ ಸ್ಪೀಕರ್ ಬಾಕ್ಸು ಕೊಂಡು, ಅದರ ಜೊತೆಗಿನ ಮೆಮರಿ ಕಾರ್ಡಿಗೆ ನಮ್ಮೆಲ್ಲರ ಹಾಡು ತುಂಬಿಸಿ ಹೊರಟೆ. ಸಂತೇಬೆನ್ನೂರು, ದಾವಣಗೆರೆ, ಬಿಳಿಚೋಡು, ಅಲ್ಲಿಂದ ಆಟೋ. ದಾವಣಗೆರೆಯಿಂದಾಚೆಗೆ, ಅವರು ಹೊನ್ನಾಳಿಗೆ ಬರಲು ಎರಡೆರಡು ಸಲ ಕೇಳಿ ತಿಳಿದುಕೊಂಡಿದ್ದ ಬಸ್ಸುಗಳು. ನಾನು ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ಹೋಗುತ್ತಿದ್ದೆ.

ಅವರು ಮನೆ ಮುಂದೆ ಹಗ್ಗ ಹೊಸೆಯುತ್ತಿದ್ದರು. ತೆಳ್ಳನೆಯ, ಎತ್ತರದ ಮನುಷ್ಯ, ಕಿವಿಯಲ್ಲಿ ಸಣ್ಣ ಚಿನ್ನದ ಒಂಟಿ. ಚನ್ನಗಿರಿ ಎಂದ ಕೂಡಲೇ ನನ್ನನ್ನು ಗುರುತು ಹಿಡಿದು ಎದ್ದು ನಿಂತರು. ಹೆಂಡತಿಯನ್ನು ಕರೆದು, “ಇವ್ರು ಚನ್ನಗಿರಿ ಮೇಡಂ. ಹಾಡಿನ ಬಗ್ಗೆ ಬಲ್ಲೋರು” ಎಂದು ಪರಿಚಯ ಮಾಡಿದರು. ಅಣಕವಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಕೆ ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು, ರೊಟ್ಟಿ ತಟ್ಟಲು ಕೂತರು. ತಟ್ಟುತ್ತಲೇ ಮಾತಿಗಿಳಿದರು.

“ಆ ಕಾರ್ಡು ಮಾಡಿದೋರು ನೀವೇನಾ? ಅದು ಬಂದ ದಿನ ಇವ್ರ ಖುಷಿ ಏನು ಹೇಳ್ಲಿ. ‘ನನ್ಗೆ ಕಾರ್ಡು ಹೊಡ್ಸಿ ಕರೆದಾರೆ, ಭಾನುವಾರದ್ದಿರ್ಬೇಕು’ ಅಂತ ನಮ್ಮನ್ನೆಲ್ಲಾ ಕರೆದು ಕೂರಿಸ್ಕಂಡ್ರು. ಸಣ್ಣ ಅಕ್ಷರ ಇವ್ರಿಗೆ ಕಾಣಂಗಿಲ್ಲ. ಮಗಳು ಓದಿದ್ಲು. ಅರ್ಧಕ್ಕೆ ನಿಲ್ಲಿಸಿದ್ಲು.”

“ಅದೆಲ್ಲಾ ಯಾಕೆ ಈಗ” ಎಂದರು ಅವರು.

“ತಪ್ಪಾಯ್ತು ನಂದು” ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದ ಮಾತುಗಳಲ್ಲಿ ಅದೊಂದೇ ಬಾಯಿಗೆ ಬಂತು. “ಹೊಟ್ಟೆಕಿಚ್ಚಿಗೆ ಮಾಡಿದೆ. ನಿಮ್ಮಷ್ಟು ನನಗೆ ಕೇಳಿಸ್ತಿರಲಿಲ್ಲ.”

“ಬಿಡ್ರೀ ಮೇಡಂ. ನೀವು ಕೆಂಪು ಗೆರೆ ಎಳೆದಿದ್ದು ಸರಿಯಾಗೇ ಐತೆ ಅಂದ್ಲು ಮಗಳು. ನಾನೇ ಬೇರೆ ಗ್ರೂಪು ಅಂತ ತಪ್ಪಿ ಬಂದಿದ್ದೆ.”

ಈಗಲೂ ಕೇಳುತ್ತೀರಾ ಎಂದು ಕೇಳಿದೆ. ಅವರು ಹಗ್ಗದ ತುದಿಗೆ ಗಂಟು ಹಾಕಿದರು.

“ಇಲ್ರೀ. ಕೇಳಿದ್ರೆ ಏನಾರ ಹೇಳ್ಬೇಕು ಅನ್ನಿಸ್ತೈತೆ. ಹೇಳಾಕೆ ನಾಚಿಕೆ ಆಗ್ತೈತೆ. ಅದ್ಕೇ ಕೇಳೋದೇ ಬಿಟ್ಟೆ.”

ಸಂಜೆಯಾಗಿ ಅವರ ಮಗಳು ಕುರಿ ಹೊಡೆದುಕೊಂಡು ಬಂದಳು. ಅವರು ರೊಪ್ಪದ ಬಾಗಿಲಿಗೆ ಹೋಗಿ ನಿಂತರು. ನಾನೂ ಹೋಗಿ ಒಂದಿಷ್ಟು ದೂರದಲ್ಲಿ ನಿಂತೆ. ಬೆರಳಾಡಿಸುತ್ತ, ತುಟಿಯಲ್ಲೇ ಎಣಿಸುತ್ತಿದ್ದರು. ಜೋರಾಗಿ ಎಣಿಸಿ ಎಂದು ಕೇಳಬೇಕೆನ್ನಿಸಿತು, ಕೇಳುವ ಮುಖ ನನಗಿರಲಿಲ್ಲ. ಎಲ್ಲ ಒಳಗೆ ಹೋದ ಮೇಲೆ ಚೀಲದಿಂದ ಬಾಕ್ಸು ತೆಗೆದು ಕೊಟ್ಟೆ. ಕುರಿ ಮುಂದೆ ಹಚ್ಚಿ, ಎಲ್ಲ ಹಾಡೂ ಇದರಲ್ಲಿವೆ, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಿರುಗಿಸಿ ನೋಡಿ, ಅಷ್ಟೇ ಜೋಪಾನವಾಗಿ ನನ್ನ ಚೀಲದೊಳಗೆ ವಾಪಸು ಇಟ್ಟರು.

“ಬ್ಯಾಡ್ರೀ ಮೇಡಂ. ಕುರಿ ಬೆದರ್ತಾವೆ” ಎಂದರು.

ಬಿಳಿಚೋಡಿನಲ್ಲಿ ಬಸ್ಸು ಹತ್ತಿ ಕೂತ ಮೇಲೆ ಅವರ ಹಳೆಯ ದನಿಗಳನ್ನು ಫೋನಿನಲ್ಲಿ ಹುಡುಕಿದೆ. ನನಗೆ ಬೇಕಾದದ್ದು ಸಿಕ್ಕಿತು. ಹಿಂದೆ ಗಂಟೆಗಳ ಸದ್ದು, ಗಾಳಿ, ಅವರ ಉಸಿರು. “ಅಕ್ಕಾರೆ, ಇವತ್ತು ಕುರಿ ಮುಂದೆ ನಿಮ್ಮ ಹಾಡು ಹಚ್ಚಿದ್ದೆ. ಬೆದರ್ತಾವೇನೋ ಅಂದ್ಕಂಡೆ. ಒಂದೂ ಬೆದರ್ಲಿಲ್ಲ. ಎಲ್ಲಾ ಮೆಲುಕು ಹಾಕ್ಕಂತ ನಿಂತ್ಕಂಡ್ವು. ಅವಕ್ಕೂ ತಿಳೀತೈತೆ ಅಂತ ಕಾಣ್ತೈತೆ. ನೀವೇನಂತೀರಿ ಅಕ್ಕಾರೆ?”

ಅದರ ಕೆಳಗೆ ನಾನು ಆವತ್ತು ಕೊಟ್ಟ ಉತ್ತರವೂ ಇತ್ತು. ಒಂದು ಹೆಬ್ಬೆರಳು.